ಒಂದು ಸೋಮವಾರದ ಕಲ್ಲುಪ್ಪು

"ಮುನಿರಾಜಣ್ಣಾ, ನಿಮ್ಮ ಗುಂಡಿ ಸತ್ತೋಗಿದೆ. ಬಂದು ನೋಡ್ಕೊಂಡು ಹೋಗಿ."

ಕಳೆದ ಗುರುವಾರ ಬೆಳಿಗ್ಗೆ ಫೋನಿನಲ್ಲಿ ಬಂದ ಮಾತು ಇದು. ಮಾತಾಡಿದವರು ಗಂಗಮ್ಮ. ಶ್ರೀನಿವಾಸಪುರದ ಆಚೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುವವರು. (ಊರಿನ ಹೆಸರು ಬೇಡ. ತಪ್ಪು ನನ್ನದು, ಊರಿನದಲ್ಲ.) ಅವರ ಗ್ರೈಂಡರ್ ಮುಟ್ಟಿದರೆ ಕೈ ಜುಮ್ ಅನ್ನುತ್ತಿತ್ತಂತೆ.

"ನಾನಂತೂ ಇನ್ನ ಅದನ್ನ ಮುಟ್ಟಲ್ಲ. ಸಾರಿಗೆ ಖಾರ ಬೇಕಾದ್ರೆ ನೀವೇ ಬಂದು ರುಬ್ಕೊಡಿ" ಅಂದು ಫೋನ್ ಇಟ್ಟರು.

ನನಗೆ ಸಿಟ್ಟು ಬಂತು. ಗ್ರೈಂಡರ್ ಕೆಟ್ಟಿದೆ ಅಂದಿದ್ದರೆ ಬರುತ್ತಿರಲಿಲ್ಲ. ಗುಂಡಿ ಸತ್ತಿದೆ ಅಂದರಲ್ಲ, ಅದಕ್ಕೆ.

ಗುಂಡಿ ಅಂದರೆ ಅರ್ಥ್ ಗುಂಡಿ. ಮೆಷೀನಿನ ಮೈಗೆ ಕರೆಂಟ್ ಸೋರಿದರೆ ಅದು ನಿಮ್ಮ ಕೈ ಹಿಡಿಯಬಾರದು, ನೆಲಕ್ಕೆ ಹೋಗಬೇಕು. ಅದಕ್ಕೆ ನೆಲದಲ್ಲಿ ಆಳವಾಗಿ ಗುಂಡಿ ತೋಡಿ, ನಡುವೆ ಪೈಪ್ ನಿಲ್ಲಿಸಿ, ಸುತ್ತಲೂ ಇದ್ದಿಲು, ಉಪ್ಪು ಹಾಕುತ್ತೇವೆ. ಆಮೇಲೆ ನೀರು. ಬೇಸಿಗೆಯಲ್ಲಿ ಆಗಾಗ ನೀರು ಹಾಕುತ್ತಿರಬೇಕು ಅಂತ ನನಗೆ ಕೆಲಸ ಕಲಿಸಿದವರು ಹೇಳಿದ್ದರು.

ನೀರು? ನಮ್ಮ ಕಡೆ?

ಬೋರ್‌ವೆಲ್ ಸಾವಿರದಿನ್ನೂರು ಅಡಿ ಇಳಿದರೂ ಮಣ್ಣಿನ ಧೂಳು ಬರುವ ಜಾಗ ಇದು. ಟ್ಯಾಂಕರ್ ಬಂದ ದಿನ ಬಿಂದಿಗೆಗಾಗಿ ಮಾತು ಬಿಡುವ ಜನ. ಅಂಥವರಿಗೆ ಹೋಗಿ, ಅಮ್ಮಾ, ವಾರಕ್ಕೊಂದು ಸಲ ಗುಂಡಿಗೆ ಎರಡು ಬಿಂದಿಗೆ ನೀರು ಸುರೀರಿ ಅಂದರೆ ನನ್ನ ಮೇಲೇ ಸುರಿಯುತ್ತಾರೆ. ಹಾಗಾಗಿ ನಾನೊಂದು ಉಪಾಯ ಮಾಡಿದೆ. ನೀರಿನ ಮಾತು ಬಿಟ್ಟೆ. ಬದಲಿಗೆ ಉಪ್ಪನ್ನು ಎರಡರಷ್ಟು ಹಾಕಿದೆ. ಮೇಲೆ ಸಿಮೆಂಟ್ ಬಳಿದು ನುಣ್ಣಗೆ ಮುಚ್ಚಿದೆ. "ಉಪ್ಪು ಕರೆಂಟನ್ನ ಎಳ್ಕೊಳುತ್ತೆ. ಇನ್ನ ನೀವು ಇದರ ಕಡೆ ನೋಡೋಹಾಗೇ ಇಲ್ಲ" ಅನ್ನುತ್ತಿದ್ದೆ.

ಜನ ಅದಕ್ಕೆ ಮುನಿರಾಜು ಗುಂಡಿ ಅಂತ ಹೆಸರಿಟ್ಟರು. ನನಗೆ ಎಷ್ಟು ಹೆಮ್ಮೆಯಾಗಿತ್ತು ಗೊತ್ತೇ? ನರಸಾಪುರದಲ್ಲಿ ಕಂಪನಿ ಹುಡುಗರಿಗೆ ಬಾಡಿಗೆ ಕೊಡುವ ರೂಮುಗಳಿಗೆ, ವಕ್ಕಲೇರಿ ಕಡೆ ಹಾಲು ಕರೆಯುವ ಮೆಷೀನಿಗೆ, ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವವರ ಶೆಡ್ಡಿಗೆ. ಎಲ್ಲ ಕಡೆ ಮುನಿರಾಜು ಗುಂಡಿ. ಮೂವತ್ತು ವರ್ಷ.

ಅದು ಸಾಯುವುದೆಂದರೇನು?

ಶಾಲೆಗೆ ಹೋದೆ. ಮೊದಲು ಗ್ರೈಂಡರ್ ಬಿಚ್ಚಿದೆ. ಒಳಗೆ ವೈರಿನ ಸಿಪ್ಪೆ ಸವೆದು ಮೆಷೀನಿನ ಮೈಗೆ ತಾಗುತ್ತಿತ್ತು. ಸರಿ ಮಾಡಿದೆ. ಆದರೆ ಸವೆಯದ ವೈರ್ ಯಾವುದಿದೆ ಹೇಳಿ? ಇವತ್ತಲ್ಲ ನಾಳೆ ಸವೆದಾಗ ಕಾಪಾಡಬೇಕಾದದ್ದು ಗುಂಡಿಯೇ. ಮೀಟರ್ ಹಾಕಿ ನೋಡಿದೆ. ಗುಂಡಿ ನಿಜವಾಗಿಯೂ ಸತ್ತಿತ್ತು.

ಸಿಮೆಂಟ್ ಒಡೆದೆ. ಒಳಗೆ ಕೈ ಹಾಕಿದರೆ ಒಲೆಯ ಬೂದಿಯ ಹಾಗೆ ಒಣ. ಉಪ್ಪು ಹೆಂಟೆ ಕಟ್ಟಿ ಬೆಳ್ಳಗೆ ಕೂತಿತ್ತು. ನಾನು ಹಾಕಿದ್ದು ಹಾಕಿದ ಹಾಗೇ.

"ಏನಣ್ಣಾ, ಜೀವ ಐತಾ?" ಅಂತ ಗಂಗಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ಉಪ್ಪಿನ ಶಕ್ತಿ ಹೋಗ್ಬಿಟ್ಟಿದೆ. ಇನ್ನೊಂದು ಮೂಟೆ ಹಾಕಿದ್ರೆ ಸರಿಹೋಗುತ್ತೆ."

ಅದೇ ಹೊತ್ತಿಗೆ ಕಾರಿಡಾರಿನಲ್ಲಿ ಸೈನ್ಸ್ ಟೀಚರ್ ಹೋಗುತ್ತಿದ್ದರು. ಶೈಲಜಾ ಮಿಸ್. ನನ್ನ ಮಗಳ ವಯಸ್ಸು. ನಿಂತರು.

"ಉಪ್ಪಿಗೆ ಏನು ಶಕ್ತಿ ಸಾರ್?"

"ಕರೆಂಟ್ ಎಳ್ಕೊಳೋ ಶಕ್ತಿ ಮಿಸ್."

"ಒಣ ಉಪ್ಪಿಗಾ?"

"ಉಪ್ಪು ಅಂದ್ರೆ ಉಪ್ಪು ಮಿಸ್. ಮೂವತ್ತು ವರ್ಷದಿಂದ ಹಾಕ್ತಿದ್ದೀನಿ."

ಅವರು ವಾದ ಮಾಡಲಿಲ್ಲ. (ಅದೇ ನನಗೆ ಹೆಚ್ಚು ಚುಚ್ಚಿದ್ದು.) "ಹತ್ತನೇ ಕ್ಲಾಸಿಗೆ ಇವತ್ತು ಇದೇ ಪಾಠ ಇದೆ. ಹತ್ತು ನಿಮಿಷ ಬಂದು ಕೂತ್ಕೊಳ್ತೀರಾ?" ಅಂದರು.

ಕೂತುಕೊಳ್ಳುವುದು. ಕ್ಲಾಸಿನಲ್ಲಿ.

ನಾನು ಎಷ್ಟು ಶಾಲೆಗಳ ಕೋಣೆಗಳಿಗೆ ಹೋಗಿಲ್ಲ? ಏಣಿ ಹತ್ತಿ ಫ್ಯಾನ್ ಕಟ್ಟಿದ್ದೇನೆ, ಟ್ಯೂಬ್‌ಲೈಟ್ ಹಾಕಿದ್ದೇನೆ. ಎಲ್ಲ ಮೇಲಿನಿಂದಲೇ ನೋಡಿದ ಬೆಂಚುಗಳು. ಕೂತು ನಲವತ್ತು ವರ್ಷ ಹತ್ತಿರವಾಯಿತು. ಕೆಲಸವಿದೆ ಅಂತ ಹೇಳಿ ಹೊರಟುಬಿಡಬೇಕು ಅಂದುಕೊಂಡೆ. ಮಿಸ್ ಕೈಯಲ್ಲಿದ್ದ ಟ್ರೇ ಕಣ್ಣಿಗೆ ಬಿತ್ತು. ಒಂದು ಬ್ಯಾಟರಿ, ಎರಡು ತುಂಡು ವೈರ್, ಎರಡೂ ಕಡೆ ಚೂಪು ಮಾಡಿದ ಎರಡು ಪೆನ್ಸಿಲ್, ಕಡಲೆಕಾಳಿನಷ್ಟು ಒಂದು ಕೆಂಪು ಬಲ್ಬು. ಪೊಟ್ಟಣದಲ್ಲಿ ಕಲ್ಲುಪ್ಪು.

ನನ್ನ ಕಾಲು ತಾನಾಗಿಯೇ ಒಳಗೆ ಹೋಯಿತು.

ಈ ಅಂಕಣ ಓದುವವರಿಗೆ ನಾನು ಒಂಬತ್ತನೇ ಕ್ಲಾಸಿನ ನಡುವೆ ಶಾಲೆ ಬಿಟ್ಟವನು ಅಂತ ಗೊತ್ತು. ಅದನ್ನು ಹಲವು ಸಲ ಬರೆದಿದ್ದೇನೆ. ನಾಚಿಕೆಯೇನಿಲ್ಲ. ದುಡಿದು ತಿಂದಿದ್ದೇನೆ. ಆದರೆ ಬಿಟ್ಟ ವಾರ ಯಾವ ಪಾಠ ನಡೆಯುತ್ತಿತ್ತು ಅನ್ನುವುದನ್ನು ಬರೆದಿರಲಿಲ್ಲ. ನನ್ನ ಹೆಂಡತಿಗೂ ಹೇಳಿರಲಿಲ್ಲ.

ಮುಳಬಾಗಿಲು ತಾಲ್ಲೂಕಿನ ನಮ್ಮೂರಿನ ಹೈಸ್ಕೂಲು. ನಾರಾಯಣಸ್ವಾಮಿ ಮೇಷ್ಟ್ರು ವಿಜ್ಞಾನ ಹೇಳುತ್ತಿದ್ದರು. ಒಂದು ಶನಿವಾರ ಗಂಟೆ ಹೊಡೆಯುವ ಮುಂಚೆ ಅಂದರು, "ಸೋಮವಾರ ನಿಮಗೊಂದು ತೋರಿಸ್ತೀನಿ. ಉಪ್ಪಿನ ನೀರಲ್ಲಿ ಬಲ್ಬ್ ಹತ್ತಿಸ್ತೀನಿ." ಆಮೇಲೆ ನನ್ನ ಕಡೆ ನೋಡಿದರು. "ಲೇ ಮುನಿರಾಜು, ನೀನು ಮನೆಯಿಂದ ಒಂದು ಹಿಡಿ ಕಲ್ಲುಪ್ಪು ತಗೊಂಡು ಬಾರೋ. ಮರೀಬೇಡ."

ಮರೆಯುವುದೇ? ಇಡೀ ಕ್ಲಾಸಿನಲ್ಲಿ ನನಗೊಬ್ಬನಿಗೇ ಕೊಟ್ಟ ಕೆಲಸ. ಅವತ್ತು ಸಂಜೆಯೇ ಅಮ್ಮನ ಜಾಡಿಯಿಂದ ಉಪ್ಪು ತೆಗೆದು ಪೇಪರಿನಲ್ಲಿ ಕಟ್ಟಿ ಬ್ಯಾಗಿನಲ್ಲಿ ಇಟ್ಟೆ.

ಭಾನುವಾರ ಸೋದರಮಾವ ಬಂದರು. ಅಪ್ಪ ಬಂಡೆ ಕೆಲಸದಲ್ಲಿ ಕಾಲು ಮುರಿದುಕೊಂಡು ಮಲಗಿ ಎರಡು ವಾರವಾಗಿತ್ತು. ಕೋಲಾರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಒಬ್ಬ ಹುಡುಗ ಬೇಕಂತೆ ಅಂದರು ಮಾವ. ಅಪ್ಪನ ಕಾಲು ಸರಿಹೋಗುವ ತನಕ ಮಾತ್ರ ಅಂದರು. ಮಧ್ಯಾಹ್ನದ ಬಸ್ಸಿಗೆ ಹೊರಟೆವು.

ಅಪ್ಪನ ಕಾಲು ನಾಲ್ಕು ತಿಂಗಳಿಗೆ ಸರಿಹೋಯಿತು. ಮತ್ತೆ ಶಾಲೆಗೆ ಹೋಗು ಅಂತ ಯಾರೂ ಹೇಳಲಿಲ್ಲ. ಹೋಗುತ್ತೇನೆ ಅಂತ ನಾನೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ? ಕೇಳಿ ಬೇಡ ಅನ್ನಿಸಿಕೊಳ್ಳುವುದು ನನಗೆ ಆಗದು. ಆಗಲೂ ಅಷ್ಟೇ, ಈಗಲೂ ಅಷ್ಟೇ.

ಬ್ಯಾಗು ಗೋಡೆಯ ಮೊಳೆಗೆ ತೂಗುಹಾಕಿದ್ದು ಹಾಗೇ ಇತ್ತು. ಒಂದು ಸಲ ಊರಿಗೆ ಬಂದಾಗ ತೆಗೆದು ನೋಡಿದೆ. ಮಳೆಗಾಲದ ತೇವಕ್ಕೆ ಉಪ್ಪು ನೀರಾಗಿ ಪೇಪರು ದಾಟಿ ಸೈನ್ಸ್ ಪುಸ್ತಕಕ್ಕೆ ಇಳಿದಿತ್ತು. ಹಾಳೆಗಳು ಅಂಟಿಕೊಂಡು ಬಿಡಿಸಲು ಬರಲಿಲ್ಲ.

ವರ್ಷಗಳ ಮೇಲೆ ಮುಳಬಾಗಿಲು ಬಸ್‌ಸ್ಟ್ಯಾಂಡಿನಲ್ಲಿ ಮೇಷ್ಟ್ರನ್ನು ಕಂಡೆ. ಕೈಯಲ್ಲಿ ಸ್ಪ್ಯಾನರು, ಮೈಯೆಲ್ಲ ಗ್ರೀಸು. ಅವರು ಈ ಕಡೆ ತಿರುಗುವಷ್ಟರಲ್ಲಿ ಕಬ್ಬಿನ ಹಾಲಿನ ಗಾಡಿಯ ಹಿಂದೆ ನಿಂತುಬಿಟ್ಟೆ. ಈಗ ಮೇಷ್ಟ್ರು ಇಲ್ಲ. ಇದ್ದಿದ್ದರೆ ಆ ಸೋಮವಾರದ ಬಗ್ಗೆ ಕೇಳುತ್ತಿದ್ದೆನೋ ಇಲ್ಲವೋ.

ಹೀಗಿರುವಾಗ ಆ ಕೆಂಪು ಬಲ್ಬು ನೋಡಿ ಕಾಲು ಒಳಗೆ ಹೋದರೆ ತಪ್ಪೇನು?

ಕೊನೆಯ ಬೆಂಚಿನಲ್ಲಿ ಕೂತೆ. ಮೊಣಕಾಲು ಮೇಜಿಗೆ ತಾಗಿತು. ಮಿಸ್ ಪಾಪ ನನ್ನ ಮಾನ ಕಾಪಾಡುವ ಹಾಗೆ ಹೇಳಿದರು. "ಈ ಸಾರ್ ಮೂವತ್ತು ವರ್ಷದಿಂದ ಕರೆಂಟ್ ಕೆಲಸ ಮಾಡ್ತಿದ್ದಾರೆ. ಒಣ ಉಪ್ಪಲ್ಲಿ ಕರೆಂಟ್ ಹೋಗುತ್ತೆ ಅಂತಾರೆ. ನೀವೇನಂತೀರಿ?"

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. ಎರಡು ಜಡೆ. ಭವ್ಯ ಅಂತ ಹೆಸರು. "ಹೋಗಲ್ಲ ಮಿಸ್. ಅಂಕಲ್, ಬೆಟ್ ಕಟ್ತೀರಾ?"

"ಏನಮ್ಮಾ ಬೆಟ್ಟು?"

"ನೀವು ಸೋತ್ರೆ ನಮ್ಮ ಕ್ಲಾಸ್ ಫ್ಯಾನ್ ಕಿರ್‌ಗುಟ್ಟೋದು ನಿಲ್ಲಿಸ್ಬೇಕು."

"ನೀನು ಸೋತ್ರೆ?"

"ನಾವು ಸೋಲಲ್ಲ ಅಂಕಲ್."

ನಕ್ಕೆ. ಒಪ್ಪಿಕೊಂಡೆ. ಮಿಸ್ ಒಂದು ಬಟ್ಟಲಿಗೆ ಕಲ್ಲುಪ್ಪು ಸುರಿದರು. ಬ್ಯಾಟರಿಗೆ, ಬಲ್ಬಿಗೆ ಕಟ್ಟಿದ್ದ ಎರಡು ಪೆನ್ಸಿಲ್ಲಿನ ತುದಿಗಳನ್ನು ಉಪ್ಪಿನಲ್ಲಿ ಚುಚ್ಚಿದರು. ಬಲ್ಬು ಹತ್ತಲಿಲ್ಲ. ಒತ್ತಿ ಚುಚ್ಚಿದರು. ಇಲ್ಲ. ನಾನೇ ಎದ್ದು ಹೋಗಿ ಕನೆಕ್ಷನ್ ನೋಡಿದೆ. ಪೆನ್ಸಿಲ್ಲಿಗೆ ಪೆನ್ಸಿಲ್ ತಾಗಿಸಿದರೆ ಹತ್ತುತ್ತದೆ. ಉಪ್ಪಿಗಿಟ್ಟರೆ ಇಲ್ಲ.

"ಹಂಗಾದ್ರೆ ಕರೆಂಟ್ ಎಳ್ಕೊಳೋದು ನೀರೇ ಇರಬೇಕು" ಅಂದೆ. ಸೋಲುವವನು ಸುಮ್ಮನೆ ಸೋಲುತ್ತಾನೆಯೇ?

"ನಿಮ್ಮ ಹತ್ರ ಇನ್ವರ್ಟರ್ ಬ್ಯಾಟರಿಗೆ ಹಾಕೋ ನೀರು ಇದೆಯಾ ಸಾರ್?"

ಇತ್ತು. ಬಟ್ಟಿ ಇಳಿಸಿದ ಶುದ್ಧ ನೀರಿನ, ಅಂದರೆ ಡಿಸ್ಟಿಲ್ಡ್ ವಾಟರಿನ ಕ್ಯಾನು ಗಾಡಿಯಲ್ಲೇ ಇರುತ್ತದೆ. ತಂದೆ. ಬೇರೆ ಬಟ್ಟಲಿಗೆ ಆ ನೀರು ಹಾಕಿ ಪೆನ್ಸಿಲ್ ಇಳಿಸಿದರು. ಆಗಲೂ ಬಲ್ಬು ಹತ್ತಲಿಲ್ಲ.

ಉಪ್ಪಿನಲ್ಲಿಲ್ಲ. ನೀರಿನಲ್ಲಿಲ್ಲ. ಹಾಗಾದರೆ ಎಲ್ಲಿದೆ? ಅಷ್ಟು ವರ್ಷ ನಾನು ಯಾವುದರ ಮೇಲೆ ನಂಬಿಕೆ ಇಟ್ಟಿದ್ದೆ?

ಮಿಸ್ ಬೋರ್ಡಿನ ಕಡೆ ಹೋದರು. ಸುತ್ತು ಸುತ್ತಾಗಿ ಎರಡು ಚಿತ್ರ ಬರೆದರು. ಒಂದು ಸೋಡಿಯಂ, ಒಂದು ಕ್ಲೋರಿನ್. ಸೋಡಿಯಂ ಪರಮಾಣುವಿನ ಕೊನೆಯ ಸುತ್ತಿನಲ್ಲಿ ಒಂದೇ ಎಲೆಕ್ಟ್ರಾನು. ಕ್ಲೋರಿನ್ನಿನ ಕೊನೆಯ ಸುತ್ತಿನಲ್ಲಿ ಏಳು. ಎಂಟಾದರೆ ಅದಕ್ಕೆ ನೆಮ್ಮದಿ, ಒಂದು ಕಮ್ಮಿ. ಸೋಡಿಯಂ ತನ್ನ ಒಂದನ್ನು ಬಿಟ್ಟುಕೊಡುತ್ತದೆ. ಕ್ಲೋರಿನ್ ತೆಗೆದುಕೊಳ್ಳುತ್ತದೆ. ಹಂಚಿಕೊಳ್ಳುವುದಲ್ಲ, ಪೂರ್ತಿ ಕೊಟ್ಟೇ ಬಿಡುವುದು. ಕೊಟ್ಟದ್ದಕ್ಕೆ ಪ್ಲಸ್ ಚಾರ್ಜು, ತೆಗೆದುಕೊಂಡದ್ದಕ್ಕೆ ಮೈನಸ್. ಈಗ ಎರಡಕ್ಕೂ ಅಯಾನು ಅಂತ ಹೆಸರು. ಪ್ಲಸ್ಸು ಮೈನಸ್ಸು ಒಂದನ್ನೊಂದು ಗಟ್ಟಿಯಾಗಿ ಹಿಡಿಯುತ್ತವೆ. ಆ ಹಿಡಿತವೇ ಅಯಾನಿಕ ಬಂಧ.

ನಾನು ಕೈ ಎತ್ತಿದೆ. (ಹೌದು, ಎತ್ತಿದೆ. ತಾನಾಗಿಯೇ ಎದ್ದಿತು.) "ಕಳ್ಕೊಂಡವನಿಗೆ ಪ್ಲಸ್ಸಾ ಮಿಸ್? ಮೈನಸ್ ಅಲ್ವಾ?"

ಮಿಸ್ ಬಾಯಿ ತೆರೆಯುವ ಮೊದಲೇ ಭವ್ಯ ಹಿಂದೆ ತಿರುಗಿದಳು. "ಅಂಕಲ್, ಅವನು ಕಳ್ಕೊಂಡಿದ್ದೇ ಮೈನಸ್ಸನ್ನ. ಅದಕ್ಕೆ ಪ್ಲಸ್."

ನಾನು ಕಳೆದುಕೊಂಡದ್ದನ್ನು ಈ ಲೆಕ್ಕಕ್ಕೆ ಹಾಕಿ ನೋಡಿದೆ. ಹೊಂದಲಿಲ್ಲ. ಮತ್ತೆ ಪಾಠದ ಕಡೆ ಕಿವಿ ಕೊಟ್ಟೆ.

ಒಂದು ಸೋಡಿಯಂ ಒಂದೇ ಕ್ಲೋರಿನ್ನನ್ನು ಹಿಡಿದು ಕೂರುವುದಿಲ್ಲವಂತೆ. ಒಂದೊಂದರ ಸುತ್ತಲೂ ಎದುರು ಜಾತಿಯವು ಆರು. ಮೇಲೆ, ಕೆಳಗೆ, ನಾಲ್ಕೂ ಕಡೆ. ಹಾಗೆ ಸಾಲು ಸಾಲಾಗಿ, ಮಹಡಿ ಮೇಲೆ ಮಹಡಿಯಾಗಿ ಒಂದು ಹರಳು. ಎಲ್ಲ ಕಡೆಯಿಂದ ಹಿಡಿದಿರುವುದರಿಂದ ಸುಲಭಕ್ಕೆ ಬಿಡುವುದಿಲ್ಲ. ನಿಮ್ಮ ಸೋಲ್ಡರಿಂಗ್ ಕಡ್ಡಿಗೆ ಸೀಸ ಕರಗುತ್ತೆ, ಉಪ್ಪು ಕರಗಲ್ಲ ಅಂದರು ಮಿಸ್. ಅದಕ್ಕೆ ಎಂಟುನೂರು ಡಿಗ್ರಿ ಬೇಕಂತೆ.

"ಅಷ್ಟು ಗಟ್ಟಿನಾ?"

"ಗಟ್ಟಿ. ಆದ್ರೆ ನಿಮ್ಮ ಸುತ್ತಿಗೇಲಿ ಒಂದು ಏಟು ಹಾಕಿ ನೋಡಿ ಸಾರ್."

ದಪ್ಪ ಹರಳೊಂದನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಹೊಡೆದೆ. ತಾಮ್ರದ ತಂತಿಯಾಗಿದ್ದರೆ ಚಪ್ಪಟೆಯಾಗುತ್ತಿತ್ತು. ಇದು ಚಟ್ ಅಂತ ನೇರವಾಗಿ ಸೀಳಿತು, ಚಾಕುವಿನಲ್ಲಿ ಕೊಯ್ದ ಹಾಗೆ. ಏಟಿಗೆ ಒಂದು ಸಾಲು ಸ್ವಲ್ಪ ಜರುಗಿದರೆ ಪ್ಲಸ್ಸಿನ ಎದುರು ಪ್ಲಸ್ಸು, ಮೈನಸ್ಸಿನ ಎದುರು ಮೈನಸ್ಸು ಬಂದು ನಿಲ್ಲುತ್ತವಂತೆ. ಒಂದೇ ಜಾತಿಯವು ಒಂದನ್ನೊಂದು ನೂಕುತ್ತವೆ. ಹಿಡಿದಿದ್ದು ಬಿಟ್ಟುಹೋಗುತ್ತದೆ.

"ಈಗ ಹೇಳಿ ಸಾರ್. ತಾಮ್ರದಲ್ಲಿ ಕರೆಂಟ್ ಹೋಗೋದು ಯಾಕೆ?"

"ಅದರೊಳಗೆ ಎಲೆಕ್ಟ್ರಾನು ಓಡಾಡ್ತವೆ. ಅಷ್ಟು ಗೊತ್ತು ಮಿಸ್."

"ಉಪ್ಪಲ್ಲಿ?"

ಬೋರ್ಡ್ ನೋಡಿದೆ. ಸಾಲು ಸಾಲು ಪ್ಲಸ್ಸು, ಮೈನಸ್ಸು. ಚಾರ್ಜು ಬೇಕಾದಷ್ಟಿದೆ. ಆದರೆ ಎಲ್ಲ ಕೂತಲ್ಲೇ ಕೂತಿವೆ. ಯಾವುದಕ್ಕೂ ಎದ್ದು ಹೋಗುವ ಹಾಗಿಲ್ಲ.

"ಓಡಾಡೋರೇ ಇಲ್ಲ" ಅಂದೆ.

"ಹಂಗಾದ್ರೆ ನೀರು ಹಾಕೋಣ."

ಆ ಡಿಸ್ಟಿಲ್ಡ್ ನೀರಿನ ಬಟ್ಟಲನ್ನೂ ಉಪ್ಪಿನ ಪೊಟ್ಟಣವನ್ನೂ ನನ್ನ ಮುಂದಿಟ್ಟರು. "ನೀವೇ ಹಾಕಿ ಸಾರ್."

ಒಂದು ಹಿಡಿ ಹಾಕಿದೆ. ಕಲಕಿದೆ. ನೀರು ಬಂದು ಪ್ಲಸ್ಸನ್ನೂ ಮೈನಸ್ಸನ್ನೂ ಬೇರೆ ಬೇರೆಯಾಗಿ ಸುತ್ತುವರಿದು ಸಾಲಿನಿಂದ ಬಿಡಿಸಿಕೊಂಡು ಹೋಗುತ್ತದೆ ಅಂತ ಮಿಸ್ ಹೇಳುತ್ತಿದ್ದರು. ಬಿಡಿಸಿಕೊಂಡವು ನೀರಿನಲ್ಲಿ ಓಡಾಡುತ್ತವೆ, ಕರೆಂಟನ್ನು ಹೊತ್ತುಕೊಂಡು ಹೋಗುವುದು ಅವೇ. ನನಗೆ ಅರ್ಧ ಕೇಳಿಸಿತು. ಪೆನ್ಸಿಲ್ಲಿನ ತುದಿಯಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು.

ಬಲ್ಬು ಹತ್ತಿತು.

ನಾನು ಬೀದಿಬೀದಿಗೆ ಲೈಟ್ ಹಾಕಿದವನು. ಕಲ್ಯಾಣಮಂಟಪಗಳಿಗೆ ಸೀರಿಯಲ್ ಸೆಟ್ ಕಟ್ಟಿದವನು. ಒಂದು ಬಲ್ಬು ಹತ್ತಿದ್ದನ್ನು ಕಣ್ಣು ಕೀಳದೆ ನೋಡಿದ್ದು ಅದೇ ಮೊದಲು. ಆ ಕೋಣೆಯಲ್ಲಿ ಇರಬೇಕಾದವರೊಬ್ಬರು ಇರಲಿಲ್ಲ. ಮೂಲೆಯಲ್ಲೆಲ್ಲೋ ನಿಂತು, ಉಪ್ಪು ತಂದ್ಯೇನೋ ಮುನಿರಾಜು, ಅನ್ನುತ್ತಾರೆ ಅಂತ ಕಾದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಬಗ್ಗಿ ಟೂಲ್ ಬ್ಯಾಗಿನಲ್ಲಿ ಏನೋ ಹುಡುಕುವವನ ಹಾಗೆ ಮಾಡಿದೆ.

"ಅಂಕಲ್, ಫ್ಯಾನು" ಅಂದಳು ಭವ್ಯ.

ಫ್ಯಾನ್ ಸರಿಮಾಡಿದೆ. ಆಮೇಲೆ ಗುಂಡಿ. ಹೊಸ ಉಪ್ಪಿನ ಮೂಟೆ ಬೇಕಾಗಲಿಲ್ಲ. ಇದ್ದ ಉಪ್ಪೇ ಸಾಕಾಗಿತ್ತು, ಅದಕ್ಕೆ ಬೇಕಾದದ್ದನ್ನು ನಾನು ಕೊಟ್ಟಿರಲಿಲ್ಲ ಅಷ್ಟೇ. ಮೇಲೆ ಪೈಪಿಗೆ ಒಂದು ಆಲಿಕೆ ಕೂರಿಸಿದೆ. ನೀರು ಎಲ್ಲಿಂದ ತರುವುದು? ಗಂಗಮ್ಮ ಹೇಳಿದರು, "ಮಕ್ಕಳು ಊಟ ಆದ್ಮೇಲೆ ಕೈ ತೊಳ್ಯೋ ನೀರು ಮೋರಿಗೆ ಹೋಗುತ್ತಲ್ಲಣ್ಣಾ, ಅದೇ ಹಾಕಿದ್ರಾಯ್ತು." ಮೂವತ್ತು ವರ್ಷ ನನ್ನ ತಲೆಗೆ ಹೊಳೆಯದ ಮಾತು. ನೀರು ಹಾಕಿ ಕಾದು ಮೀಟರ್ ಇಟ್ಟೆ. ಗುಂಡಿಗೆ ಜೀವ ಬಂದಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಇನ್ನು ಭಾನುವಾರಗಳಲ್ಲಿ ನಾನು ಗುಂಡಿ ತೋಡಿದ ಕಡೆಗೆಲ್ಲ ಹೋಗಿ ಸಿಮೆಂಟ್ ಒಡೆದು ಬರುತ್ತೇನೆ ಅಂದೆ. ಸರಸಮ್ಮ ರಾಗಿಹಿಟ್ಟಿನ ಕೈಯಲ್ಲೇ ನಿಂತಳು. (ಸಿಟ್ಟು ಬಂದರೆ ಅವಳಿಗೆ ತವರಿನ ತೆಲುಗು ಬರುತ್ತದೆ.)

"ಏಮಯ್ಯಾ, ಊರೆಲ್ಲ ಹೋಗಿ ನಾನು ತಪ್ಪು ಮಾಡ್ದೆ ಅಂತ ಹೇಳ್ಕೊಂಡು ಬರ್ತೀರಾ? ಇಷ್ಟು ದಿನ ಕಟ್ಕೊಂಡಿರೋ ಹೆಸರು?"

"ಅದೇ ಹೆಸರಿಗೇ ಹೋಗ್ತಿದ್ದೀನಿ. ಯಾರಿಗಾದ್ರೂ ಏನಾದ್ರೂ ಆದ್ರೆ ಮುನಿರಾಜು ಗುಂಡಿ ಅಂತ ತಾನೇ ಅಂತಾರೆ?"

ಅವಳು ಕೈಗೆ ಮೆತ್ತಿದ ಹಿಟ್ಟು ಉಜ್ಜಿಕೊಂಡಳು. ಆಮೇಲೆ, "ನಮ್ಮನೇದು?" ಅಂದಳು.

ನಮ್ಮ ಮನೆಯದೂ ಅದೇ. ಮಾರನೆಯ ಬೆಳಿಗ್ಗೆ ಮೊದಲು ಒಡೆದದ್ದು ಅದನ್ನೇ. ಪಾತ್ರೆ ತೊಳೆದ ನೀರನ್ನು ಈಗ ಅವಳೇ ಹಾಕುತ್ತಾಳೆ.

ಈ ಭಾನುವಾರ ಶಿವಾರಪಟ್ಟಣಕ್ಕೆ ಹೋಗಿದ್ದೆ. ಅಲ್ಲಿನ ಹಿರಿಯ ಶಿಲ್ಪಿಯೊಬ್ಬರು ಕಲ್ಲಿನ ಧೂಳು ಮೆತ್ತಿದ ಹುಬ್ಬು ಏರಿಸಿ ನನ್ನ ಕಥೆ ಪೂರ್ತಿ ಕೇಳಿದರು. "ಅಲ್ಲಯ್ಯಾ, ಮೂವತ್ತು ವರ್ಷ ಆದ್ಮೇಲೆ ಬಂದು, ವಿಗ್ರಹಕ್ಕೆ ಮೂಗು ಇಡೋದು ಮರ್ತಿದ್ದೆ ಅಂದಂಗಾಯ್ತಲ್ಲ ಇದು" ಅಂದರು. ಆಮೇಲೆ ಅವರೇ ಒಳಗಿನಿಂದ ಬಿಂದಿಗೆ ತಂದು ನನ್ನ ಪಕ್ಕ ನಿಂತರು. ಟೀ ಕೊಡಿಸಿದರು.

ನಾನು ಶಾಲೆ ಬಿಟ್ಟದ್ದಕ್ಕೆ ಅಳುವವನಲ್ಲ. ಕೈಕೆಲಸ ನನಗೆ ಅನ್ನ ಕೊಟ್ಟಿದೆ, ಊರಲ್ಲಿ ಹೆಸರು ಕೊಟ್ಟಿದೆ. ಆದರೆ ಈಗೀಗ ಒಂದು ಆಸೆ. ಎಲ್ಲ ವರ್ಷಗಳೂ ಬೇಡ. ಪರೀಕ್ಷೆ, ಸರ್ಟಿಫಿಕೇಟು ಯಾವುದೂ ಬೇಡ. ಒಂದೇ ಒಂದು ದಿನ, ಆ ಒಂದು ಸೋಮವಾರ ಸಿಕ್ಕಿದ್ದರೆ? ಉಪ್ಪಿನ ಪೊಟ್ಟಣ ಹಿಡಿದು ನಾನು ಮೇಷ್ಟ್ರ ಮೇಜಿನ ಹತ್ತಿರ ನಿಂತಿದ್ದರೆ, ಇಷ್ಟು ಗುಂಡಿಗಳು ಒಣಗುತ್ತಿರಲಿಲ್ಲ. ಕಬ್ಬಿನ ಹಾಲಿನ ಗಾಡಿಯ ಹಿಂದೆ ಅಡಗಿಕೊಳ್ಳುವ ಅಗತ್ಯವೂ ಇರುತ್ತಿರಲಿಲ್ಲವೇನೋ.

ನಿಮ್ಮ ಮನೆಯ ಗುಂಡಿ ನಾನು ತೋಡಿದ್ದಾಗಿದ್ದರೆ ದಯವಿಟ್ಟು ಹೇಳಿ ಕಳಿಸಿ. ಬಂದು ಒಡೆದು ಆಲಿಕೆ ಕೂರಿಸಿ ಹೋಗುತ್ತೇನೆ. ಅಷ್ಟರವರೆಗೆ ಮೆಷೀನು ಜುಮ್ ಅಂದರೆ ಮುಟ್ಟಬೇಡಿ.

ಮತ್ತೆ, ನಮ್ಮೂರಿನ ಒಂಬತ್ತನೇ ಕ್ಲಾಸಿನಲ್ಲಿ ನನ್ನ ಜೊತೆ ಕೂತವರು ಯಾರಾದರೂ ಇದನ್ನು ಓದುತ್ತಿದ್ದೀರಾ? ಉಪ್ಪು ನನ್ನ ಬ್ಯಾಗಿನಲ್ಲೇ ಉಳಿದಿತ್ತಲ್ಲ, ಅವತ್ತು ಮೇಷ್ಟ್ರ ಬಲ್ಬು ಹತ್ತಿತೇ?